ಲೋಡ್, ಫೇಸ್, ವೋಚರ್: ಮನೆ ಕನೆಕ್ಷನ್ ಬಗ್ಗೆ ನೀವು ಕೇಳಿದ್ದು

ಮನೆಗೆ ಬರುವ ಕರೆಂಟು, ಗ್ಯಾಸು, ನೀರು, ನೆಟ್ಟು. ಇವುಗಳ ಬಿಲ್ಲಲ್ಲೋ ಅರ್ಜಿಯಲ್ಲೋ ನಿಮಗೆ ಅರ್ಥವಾಗದ ಇಂಗ್ಲಿಷ್ ಪದ ಇದ್ದರೆ ಬರೆದು ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟ್ ಬಿಲ್ಲಿನದ್ದೇ. ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಹೋಗಿದೆ. ನೀರು, ನೆಟ್ ಕೇಳಿದವರು ಸ್ವಲ್ಪ ಸಹಿಸಿಕೊಳ್ಳಿ.

ಪ್ರಶ್ನೆ: ಊರಿನ ಹಳೇ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಆಯಿತು. ಒಂದು ಬಲ್ಬೂ ಉರಿದಿಲ್ಲ. ಆದರೂ ಪ್ರತಿ ತಿಂಗಳು ಬಿಲ್ ಬರುತ್ತಿದೆ. ಗೃಹಜ್ಯೋತಿಯನ್ನು ನಾವು ಈಗ ಇರುವ ಮನೆಗೆ ತಗೊಂಡಿದ್ದೇವೆ, ಹಾಗಾಗಿ ಆ ಮನೆಗೆ ಇಲ್ಲ. ಬಿಲ್ಲಲ್ಲಿ ‘ಸ್ಯಾಂಕ್ಷನ್ಡ್ ಲೋಡ್’, ‘ಫಿಕ್ಸೆಡ್ ಚಾರ್ಜ್’ ಅಂತ ಇದೆ. ಉರಿಸದ ಕರೆಂಟಿಗೆ ಯಾಕೆ ದುಡ್ಡು? (ಓದುಗರು, ಹಾಸನ)

ಉತ್ತರ: ನೀವು ಕೊಡುತ್ತಿರುವುದು ಉರಿಸಿದ ಕರೆಂಟಿನ ದುಡ್ಡಲ್ಲ ಮೇಡಂ, ನಿಮಗೋಸ್ಕರ ಕಾದಿರಿಸಿದ್ದರ ದುಡ್ಡು. ಮದುವೆಗೆ 300 ಜನರ ಛತ್ರ ಹಿಡಿದು ಬಂದವರು 50 ಜನ ಆದರೆ, ಊಟಕ್ಕೆ ಎಲೆ ಲೆಕ್ಕದಲ್ಲಿ 50ಕ್ಕೇ ಕೊಡಬಹುದು, ಛತ್ರದ ಬಾಡಿಗೆ ಮಾತ್ರ ಪೂರ್ತಿ ಕೊಡಲೇಬೇಕು, ಅಲ್ವಾ? ಫಿಕ್ಸೆಡ್ ಚಾರ್ಜ್ ಅಂದರೆ ಆ ಬಾಡಿಗೆ. ಯೂನಿಟ್ ಲೆಕ್ಕದ ಎನರ್ಜಿ ಚಾರ್ಜ್ ಅಂದರೆ ಎಲೆ ಲೆಕ್ಕ.

ಛತ್ರದ ಅಳತೆಯೇ ಸ್ಯಾಂಕ್ಷನ್ಡ್ ಲೋಡ್. ಕನೆಕ್ಷನ್ ತಗೊಳ್ಳುವಾಗ ‘ನಮ್ಮ ಮನೆಗೆ ಇಷ್ಟು ಕಿಲೋವಾಟ್ ಸಾಕು’ ಎಂದು ಅರ್ಜಿಯಲ್ಲಿ ಬರೆದು, ಎಸ್ಕಾಂನವರು (ನಿಮ್ಮ ಕಡೆಗೆ ಕರೆಂಟ್ ಕೊಡುವ ಸರ್ಕಾರಿ ಕಂಪನಿ) ಮಂಜೂರು ಮಾಡಿದ ಸಂಖ್ಯೆ ಅದು. ಫಿಕ್ಸೆಡ್ ಚಾರ್ಜನ್ನು ಒಂದು ಕಿಲೋವಾಟಿಗೆ ಇಷ್ಟು ಎಂದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಲೋಡ್ 5 ಕಿಲೋವಾಟ್ ಇದ್ದರೆ ಆ ದರದ ಐದು ಪಟ್ಟು, 1 ಇದ್ದರೆ ಒಂದು ಪಟ್ಟು. ಬೀಗ ಹಾಕಿದರೂ ಅಷ್ಟೇ, ದಿನವಿಡೀ ಟಿವಿ ನೋಡಿದರೂ ಅಷ್ಟೇ.

ಇದರ ಜೊತೆಗೇ ಬರುವ ಇನ್ನೊಂದು ಪದ ‘ಕನೆಕ್ಟೆಡ್ ಲೋಡ್’. ಮನೆಯಲ್ಲಿರುವ ಬಲ್ಬು, ಫ್ಯಾನು, ಮಿಕ್ಸಿ, ಗೀಸರ್, ಮೋಟಾರ್ ಎಲ್ಲದರ ವಾಟ್ ಕೂಡಿಸಿದರೆ ಬರುವ ಮೊತ್ತ ಅದು. ಎಲ್ಲವೂ ಒಟ್ಟಿಗೆ ಓಡುವುದಿಲ್ಲವಾದ್ದರಿಂದ ನಿಜವಾಗಿ ಎಳೆಯುವುದು ಇದಕ್ಕಿಂತ ಕಡಿಮೆ. ಮನೆ ಕಟ್ಟುವಾಗ ಕಂಟ್ರಾಕ್ಟರ್ ಯಾವುದಕ್ಕೂ ಇರಲಿ ಎಂದು ಜಾಸ್ತಿ ಲೋಡ್ ಬರೆಸಿಬಿಡುತ್ತಾನೆ, ಮನೆಯವರು ಸಹಿ ಹಾಕಿಬಿಡುತ್ತಾರೆ, ಆಮೇಲೆ ಜೀವಮಾನವೆಲ್ಲ ಅದರ ಬಾಡಿಗೆ ಕಟ್ಟುತ್ತಾರೆ. ನಿಮ್ಮ ಹಳೇ ಮನೆಗೆ 4 ಲೈಟು 2 ಫ್ಯಾನು ಇದ್ದು ಲೋಡ್ 3 ಕಿಲೋವಾಟ್ ಇದ್ದರೆ, ಸಬ್ ಡಿವಿಷನ್ ಆಫೀಸಿಗೆ ಹೋಗಿ ಲೋಡ್ ಇಳಿಸಲು ಅರ್ಜಿ ಕೊಡಿ. ಹೋಗುವಾಗ ಆರ್‌ಆರ್ ನಂಬರ್ ಬೇಕು. ಆರ್‌ಆರ್ ಅಂದರೆ ರೆವೆನ್ಯೂ ರಿಜಿಸ್ಟರ್, ಎಸ್ಕಾಂ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಮೀಟರಿನ ಹೆಸರು ಅದು.

ತೀರಾ ಇಳಿಸಲೂ ಬೇಡಿ. ಈಗಿನ ಡಿಜಿಟಲ್ ಮೀಟರ್ ‘ಎಂಡಿ’ ಎಂಬುದನ್ನೂ ಬರೆದಿಟ್ಟುಕೊಳ್ಳುತ್ತದೆ. ಮ್ಯಾಕ್ಸಿಮಮ್ ಡಿಮ್ಯಾಂಡ್. ಅಂದರೆ ಆ ತಿಂಗಳಲ್ಲಿ ನೀವು ಒಂದು ಹೊತ್ತಿನಲ್ಲಿ ಎಳೆದ ಅತಿ ಹೆಚ್ಚು ಕರೆಂಟ್ ಎಷ್ಟು ಎಂಬ ಲೆಕ್ಕ. ಅದು ಮಂಜೂರಾದ ಲೋಡನ್ನು ದಾಟುತ್ತಿದ್ದರೆ ಲೋಡ್ ಏರಿಸಿಕೊಳ್ಳಿ, ದುಡ್ಡು ಕಟ್ಟಿ ಎಂದು ನೋಟಿಸ್ ಬರಬಹುದು. ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳೆಲ್ಲ ಬಂದು ಬೆಳಿಗ್ಗೆ ಗೀಸರ್, ಮೋಟಾರ್, ಮಿಕ್ಸಿ ಒಟ್ಟಿಗೆ ಓಡಿಸುವ ಮನೆಯಾದರೆ ಆ ಲೆಕ್ಕವನ್ನೂ ಇಟ್ಟುಕೊಂಡು ಅರ್ಜಿ ಬರೆಯಿರಿ.

ಪ್ರಶ್ನೆ: ವಾಟ್, ಕಿಲೋವಾಟ್, ಯೂನಿಟ್ ಎಲ್ಲಾ ಒಂದೇನಾ? ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಅಂತಾರೆ, ನಮ್ಮ ಮನೆಯಲ್ಲಿ 150 ಉರಿಸಿದ್ದಕ್ಕೂ ದುಡ್ಡು ಕೇಳಿದ್ದಾರೆ. (ಕಾಲೇಜು ವಿದ್ಯಾರ್ಥಿ, ಧಾರವಾಡ)

ಉತ್ತರ: ಒಂದೇ ಅಲ್ಲ. ವಾಟ್ ಅಂದರೆ ಉಪಕರಣ ಎಷ್ಟು ಜೋರಾಗಿ ಕರೆಂಟ್ ಎಳೆಯುತ್ತದೆ ಎಂಬುದು. 1000 ವಾಟ್ ಸೇರಿದರೆ 1 ಕಿಲೋವಾಟ್. ಯೂನಿಟ್‌ನಲ್ಲಿ ಹೊತ್ತೂ ಸೇರುತ್ತದೆ: 1000 ವಾಟ್‌ನ ಉಪಕರಣ ಒಂದು ಗಂಟೆ ಓಡಿದರೆ 1 ಯೂನಿಟ್. ಬಿಲ್ಲಲ್ಲಿ ಇದನ್ನೇ ಕಿಲೋವಾಟ್ ಅವರ್ ಎನ್ನುತ್ತಾರೆ.

2000 ವಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ಕುಡಿಯುತ್ತದೆ. ಸಾಮಾನ್ಯ ಸೀಲಿಂಗ್ ಫ್ಯಾನ್ 75 ವಾಟ್ ಆಸುಪಾಸು ಇರುತ್ತದೆ, ಅದು ಒಂದು ಯೂನಿಟ್ ಮುಗಿಸಲು ಸುಮಾರು 13 ಗಂಟೆ ಬೇಕು. ಹೊಸ ಬಿಎಲ್‌ಡಿಸಿ ಫ್ಯಾನ್ ಆದರೆ 30 ವಾಟ್, 33 ಗಂಟೆ. 9 ವಾಟ್ ಎಲ್‌ಇಡಿ ಬಲ್ಬು 100 ಗಂಟೆ ದಾಟಿಸುತ್ತದೆ. ಮನೆಯಲ್ಲಿ ‘ಲೈಟ್ ಆಫ್ ಮಾಡು’ ಎಂದು ಬೈಯುವವರು ಗೀಸರ್ ಸ್ವಿಚ್ ಕಡೆ ಒಮ್ಮೆ ನೋಡಲಿ!

ಗೃಹಜ್ಯೋತಿ ವಿಷಯ. 2023ರ ಜುಲೈ ತಿಂಗಳ ಬಳಕೆಯಿಂದ ಶುರುವಾದ ಯೋಜನೆ ಇದು. 200 ಯೂನಿಟ್ ಎಂಬುದು ಮೇಲಿನ ಮಿತಿ, ಎಲ್ಲರ ಪಾಲು ಅಲ್ಲ. 2022-23ರಲ್ಲಿ ನಿಮ್ಮ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡಾ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 10 ಯೂನಿಟ್) ಸೇರಿಸಿದರೆ ಬರುವುದು ನಿಮ್ಮ ಪಾಲು. ಸರಾಸರಿ 120 ಇದ್ದರೆ ಪಾಲು 132. ನೀವು 150 ಉರಿಸಿದರೆ ಮೇಲಿನ 18ಕ್ಕೆ ದುಡ್ಡು. ಅದೇ 205 ಉರಿಸಿದರೆ ಮೇಲಿನ 5ಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ನಿಮ್ಮದೇ. ಬೇಸಿಗೆಯಲ್ಲಿ ಕೂಲರ್ ಹಾಕುವ ನಿಮ್ಮ ಕಡೆಯವರು ಈ 200ರ ಗೆರೆ ಮೇಲೆ ಕಣ್ಣಿಟ್ಟಿರಬೇಕು. ತಿಂಗಳ ಮಧ್ಯದಲ್ಲಿ ಒಮ್ಮೆ ಮೀಟರ್ ನೋಡಿ, ಹಿಂದಿನ ಬಿಲ್ಲಿನ ರೀಡಿಂಗ್ ಕಳೆದರೆ ಗೊತ್ತಾಗುತ್ತದೆ.

ಪ್ರಶ್ನೆ: ಬಿಲ್ಲಲ್ಲಿ ಈ ಸಲ ‘ಎಎಸ್‌ಡಿ’ ಅಂತ ದೊಡ್ಡ ಮೊತ್ತ ಸೇರಿಸಿದ್ದಾರೆ. ಇದು ಹೊಸ ತೆರಿಗೆನಾ? (ಓದುಗರು, ತುಮಕೂರು)

ಉತ್ತರ: ತೆರಿಗೆ ಅಲ್ಲ, ಠೇವಣಿ. ಅಡಿಷನಲ್ ಸೆಕ್ಯೂರಿಟಿ ಡೆಪಾಸಿಟ್. ಕರೆಂಟನ್ನು ಮೊದಲು ಉರಿಸಿ ಆಮೇಲೆ ದುಡ್ಡು ಕೊಡುತ್ತೇವಲ್ಲ, ಹಾಗಾಗಿ ಸುಮಾರು ಎರಡು ತಿಂಗಳ ಬಿಲ್ಲಿನಷ್ಟು ದುಡ್ಡು ಎಸ್ಕಾಂ ಬಳಿ ಇಟ್ಟಿರಬೇಕು. ನಿಮ್ಮ ಬಳಕೆ ಜಾಸ್ತಿಯಾದರೆ ಹಳೇ ಠೇವಣಿ ಸಾಲದು, ಉಳಿದದ್ದು ಕಟ್ಟಿ ಎಂದು ಕೇಳುತ್ತಾರೆ. ಈ ದುಡ್ಡು ನಿಮ್ಮದೇ. 2003ರ ವಿದ್ಯುತ್ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಇದಕ್ಕೆ ಬಡ್ಡಿ ಕೊಡಬೇಕು. ಆ ಬಡ್ಡಿ ಕೈಗೆ ಬರುವುದಿಲ್ಲ, ಬಿಲ್ಲಲ್ಲಿ ಕಳೆಯುತ್ತಾರೆ. ಬಿಲ್ಲಿನ ಕೆಳಗಡೆ ‘ಕ್ರೆಡಿಟ್’ ಎಂಬ ಸಾಲು ಇದೆಯಾ ನೋಡಿ. ಯಾರೂ ನೋಡದ ಸಾಲು ಅದು.

ಹಳೇ ಮನೆ ಕೊಂಡವರಿಗೆ ಒಂದು ಮಾತು. ಕ್ರಯಪತ್ರ ಆದಮೇಲೆ ಮೀಟರನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವಾಗ ಠೇವಣಿಯ ವಿಷಯವನ್ನೂ ಮಾರಿದವರ ಹತ್ತಿರ ಆಗಲೇ ಮಾತಾಡಿ ಕಾಗದದಲ್ಲಿ ಬರೆಸಿಕೊಳ್ಳಿ. ಐದಾರು ವರ್ಷ ಬಿಟ್ಟು ಅವರನ್ನು ಹುಡುಕಿಕೊಂಡು ಹೋಗುವುದು ಕಷ್ಟ.

ಪ್ರಶ್ನೆ: ಮಳೆಗಾಲ ಶುರುವಾದರೆ ನಮ್ಮ ಮನೆಯ ಇಎಲ್‌ಸಿಬಿ ದಿನಕ್ಕೆ ಎಷ್ಟೋ ಸಲ ಬೀಳುತ್ತದೆ. ‘ಅದನ್ನು ತೆಗೆದು ನೇರ ಕೊಟ್ಟುಬಿಡುತ್ತೇನೆ, ಎಂಸಿಬಿ ಇದೆಯಲ್ಲ’ ಅಂತ ವಯರಿಂಗ್ ಹುಡುಗ ಹೇಳುತ್ತಿದ್ದಾನೆ. ಎರಡಕ್ಕೂ ವ್ಯತ್ಯಾಸ ಏನು? (ಓದುಗರು, ಉಡುಪಿ)

ಉತ್ತರ: ಬೇಡ. ದಯವಿಟ್ಟು ತೆಗೆಸಬೇಡಿ.

ಎಂಸಿಬಿ ಕಾಯುವುದು ವಯರನ್ನು. ಇಎಲ್‌ಸಿಬಿ ಕಾಯುವುದು ಮನುಷ್ಯರನ್ನು. ಒಂದು ಲೈನಿನ ಮೇಲೆ ಅದು ತಡೆಯುವುದಕ್ಕಿಂತ ಜಾಸ್ತಿ ಕರೆಂಟ್ ಹರಿದರೆ, ಅಥವಾ ಶಾರ್ಟ್ ಆದರೆ, ಎಂಸಿಬಿ ಬೀಳುತ್ತದೆ. ಹಳೇ ಫ್ಯೂಸ್ ತಂತಿಯ ಕೆಲಸ ಅದು. ಆದರೆ 10 ಆಂಪಿಯರ್ ಎಂಸಿಬಿ ಇರುವ ಲೈನನ್ನು ನೀವು ಒದ್ದೆ ಕೈಯಲ್ಲಿ ಮುಟ್ಟಿದರೆ ನಿಮ್ಮ ಮೈಯಲ್ಲಿ ಹರಿಯುವುದು 10 ಆಂಪಿಯರ್ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ, ಜೀವ ತೆಗೆಯಲು ಅಷ್ಟೇ ಸಾಕು, ಎಂಸಿಬಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸುಮ್ನೆ ನಿಂತಿರುತ್ತದೆ.

ನೀವು ಇಎಲ್‌ಸಿಬಿ ಅನ್ನುತ್ತಿರುವುದು ಬಹುಶಃ ಆರ್‌ಸಿಸಿಬಿ. ಹಳೇ ಹೆಸರೇ ಬಾಯಲ್ಲಿ ಉಳಿದಿದೆ, ಅಂಗಡಿಯಲ್ಲಿ ಎರಡೂ ಹೇಳಿದರೆ ಅರ್ಥವಾಗುತ್ತದೆ. ಇದು ಫೇಸ್ ವಯರಲ್ಲಿ ಹೋದ ಕರೆಂಟು ನ್ಯೂಟ್ರಲ್ ವಯರಲ್ಲಿ ಪೂರ್ತಿ ವಾಪಸ್ ಬಂತಾ ಎಂದು ಸದಾ ತಾಳೆ ನೋಡುತ್ತಿರುತ್ತದೆ. ಬರಲಿಲ್ಲ ಅಂದರೆ ನಡುವೆ ಎಲ್ಲೋ ಸೋರಿದೆ: ಒದ್ದೆ ಗೋಡೆಗೆ, ಗೀಸರಿನ ಮೈಗೆ, ಅಥವಾ ಯಾರದ್ದೋ ಕೈಗೆ. ಮನೆಗೆ ಹಾಕುವ ಆರ್‌ಸಿಸಿಬಿಯ ಮೇಲೆ 30 ಮಿಲಿ ಆಂಪಿಯರ್ ಎಂದು ಬರೆದಿರುತ್ತದೆ, ಅಂದರೆ ಅಷ್ಟು ಚಿಕ್ಕ ವ್ಯತ್ಯಾಸ ಕಂಡರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ.

ಮಳೆಗಾಲದಲ್ಲಿ ಬೀಳುತ್ತಿದೆ ಅಂದರೆ ಅದು ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ. ಎಲ್ಲಾ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಮೇಲೆತ್ತಿ, ಒಂದೊಂದೇ ಎಂಸಿಬಿ ಆನ್ ಮಾಡುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತದೋ ಆ ಲೈನಿನಲ್ಲಿ ಸೋರಿಕೆ ಇದೆ. ನಿಮ್ಮ ಕಡೆ ಗೇಟಿನ ಲೈಟು, ಅಂಗಳದ ಪ್ಲಗ್ಗು, ಬಾವಿಯ ಪಂಪು, ಇವೇ ಮೊದಲ ಅನುಮಾನಿತರು. ಎಲ್ಲಾ ಎಂಸಿಬಿ ಆಫ್ ಇದ್ದರೂ ಬೀಳುತ್ತಿದ್ದರೆ ನ್ಯೂಟ್ರಲ್ ಕಡೆ ಸೋರುತ್ತಿರಬಹುದು, ಆಗ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಮತ್ತೆ, ಅದರ ಮೇಲೆ ‘ಟೆಸ್ಟ್’ ಎಂಬ ಚಿಕ್ಕ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳಬೇಕು. ಬೀಳದಿದ್ದರೆ ಬದಲಾಯಿಸಿ.

ಇದೇ ಪತ್ರದಲ್ಲಿ ‘ಅರ್ಥಿಂಗ್’ ಬಗ್ಗೆಯೂ ಕೇಳಿದ್ದೀರಿ. ಸೋರಿದ ಕರೆಂಟು ನಿಮ್ಮ ಮೈ ಮೂಲಕ ನೆಲಕ್ಕೆ ಹೋಗದೆ ತಂತಿಯ ಮೂಲಕ ಹೋಗಲಿ ಎಂದು ಮಾಡಿದ ದಾರಿ. ಮೂರು ಪಿನ್ನಿನ ಪ್ಲಗ್‌ನಲ್ಲಿ ದಪ್ಪಗೆ ಉದ್ದಕ್ಕೆ ಇರುವುದು ಅದರದ್ದೇ ಪಿನ್. ಎಲ್ಲಕ್ಕಿಂತ ಮೊದಲು ಅದು ಒಳಗೆ ತಾಗಲಿ ಎಂದೇ ಉದ್ದ ಮಾಡಿದ್ದಾರೆ. ಎರಡು ತೂತಿನ ಎಕ್ಸ್‌ಟೆನ್ಷನ್ನಿಗೆ ಸಿಕ್ಕಿಸಲು ಅದನ್ನು ಮುರಿದು ಹಾಕುವವರಿದ್ದಾರೆ, ಅವರಿಗೆ ಏನು ಹೇಳುವುದು.

ಪ್ರಶ್ನೆ: ಸಿಂಗಲ್ ಫೇಸ್, ತ್ರೀ ಫೇಸ್ ಅಂದರೆ? (ಓದುಗರು, ಗದಗ)

ಉತ್ತರ: ಸಾಮಾನ್ಯ ಮನೆಗೆ ಒಂದು ಫೇಸ್, ಒಂದು ನ್ಯೂಟ್ರಲ್, 230 ವೋಲ್ಟ್. ಇದು ಸಿಂಗಲ್ ಫೇಸ್. ದೊಡ್ಡ ಲೋಡ್, ದೊಡ್ಡ ಮೋಟಾರ್ ಇದ್ದಲ್ಲಿ ಮೂರು ಫೇಸ್ ತಂತಿ ಬರುತ್ತದೆ, ಯಾವುದೇ ಎರಡರ ನಡುವೆ 400 ವೋಲ್ಟ್ ಮೇಲೆ. ‘ತ್ರೀ ಫೇಸ್ ಕೊಟ್ಟಾರ, ಹೊಲಕ್ಕ ಹೋಗಿ ಮೋಟಾರ್ ಚಾಲೂ ಮಾಡು’ ಎಂದು ನಿಮ್ಮ ಕಡೆ ಹೇಳುವುದು ಪಂಪ್‌ಸೆಟ್ಟಿಗೆ ಬರುವ ಈ ಕರೆಂಟನ್ನೇ. ‘ಒಂದು ಫೇಸ್ ಹೋಗಿದೆ’ ಎಂದರೆ ಮೂರರಲ್ಲಿ ಒಂದು ತಂತಿಗೆ ಕರೆಂಟ್ ಇಲ್ಲ ಎಂದರ್ಥ. ಆಗ ಪಕ್ಕದ ಮನೆಯಲ್ಲಿ ಲೈಟ್ ಇದ್ದು ನಿಮ್ಮಲ್ಲಿ ಇಲ್ಲದಿರಬಹುದು. ಹಾಗಾದಾಗ ತ್ರೀ ಫೇಸ್ ಮೋಟಾರ್ ಮಾತ್ರ ಓಡಿಸಬೇಡಿ, ಕಾಯಿಲ್ ಸುಟ್ಟುಹೋಗುತ್ತದೆ. ದೂರು 1912ಕ್ಕೆ.

ಪ್ರಶ್ನೆ: ಬೆಳಗಾವಿಯಿಂದ ಬೆಂಗಳೂರಿಗೆ ವರ್ಗ ಆಯಿತು. ಗ್ಯಾಸ್ ಏಜೆನ್ಸಿಯಲ್ಲಿ ‘ಟಿವಿ ತಂದಿದ್ದೀರಾ?’ ಎಂದು ಕೇಳಿದರು. ನನ್ನ ಹೆಂಡತಿ ‘ಇನ್ನೂ ಸಾಮಾನು ಲಾರಿಯಲ್ಲಿದೆ’ ಎಂದು ಹೇಳಿ ಅಲ್ಲಿದ್ದವರೆಲ್ಲ ನಕ್ಕರು. ಎಸ್‌ವಿ, ಟಿವಿ ಏನಿದು? (ಓದುಗರು, ಬೆಂಗಳೂರು)

ಉತ್ತರ: ನಗುವಂಥದ್ದು ನಿಮ್ಮವರು ಹೇಳಿದ್ದಲ್ಲ, ಬಂದವರಿಗೆಲ್ಲ ಅರ್ಧಂಬರ್ಧ ಅಕ್ಷರ ಹೇಳಿ ಅರ್ಥ ಮಾಡಿಕೊಳ್ಳಿ ಎನ್ನುವ ಕೌಂಟರಿನವರದ್ದು.

ಎಸ್‌ವಿ ಅಂದರೆ ಸಬ್‌ಸ್ಕ್ರಿಪ್ಷನ್ ವೋಚರ್. ಕನೆಕ್ಷನ್ ತಗೊಂಡ ದಿನ ಕೊಟ್ಟ ಕಾಗದ. ಸಿಲಿಂಡರಿಗೆ ಇಷ್ಟು, ರೆಗ್ಯುಲೇಟರಿಗೆ ಇಷ್ಟು ಠೇವಣಿ ಕಟ್ಟಿದ್ದೀರಿ ಎಂದು ಅದರಲ್ಲಿರುತ್ತದೆ. ತುಂಬಾ ಜನ ಸಿಲಿಂಡರ್ ಕೊಂಡುಕೊಂಡಿದ್ದೇವೆ ಎಂದುಕೊಂಡಿರುತ್ತಾರೆ. ಇಲ್ಲ, ಅದು ಕಂಪನಿಯದ್ದು. ಒಳಗಿನ ಗ್ಯಾಸ್ ಮತ್ತು ಕಟ್ಟಿದ ಠೇವಣಿ ನಿಮ್ಮದು. ಸ್ಟವ್ ಕೂಡ ನಿಮ್ಮದೇ, ಅದನ್ನು ಯಾರಿಗೂ ಕೊಡಬೇಕಿಲ್ಲ.

ಟಿವಿ ಅಂದರೆ ಟರ್ಮಿನೇಷನ್ ವೋಚರ್. ಬೇರೆ ಊರಿಗೆ ಹೋಗುವಾಗ ಹಳೇ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ವಾಪಸ್ ಕೊಟ್ಟರೆ ಠೇವಣಿ ಹಿಂದಿರುಗಿಸಿ ಈ ಕಾಗದ ಕೊಡುತ್ತಾರೆ. ಹೊಸ ಊರಿನಲ್ಲಿ ಇದನ್ನು ತೋರಿಸಿ, ಈಗಿನ ದರದಲ್ಲಿ ಠೇವಣಿ ಕಟ್ಟಿದರೆ ಹೊಸ ಎಸ್‌ವಿ ಸಿಗುತ್ತದೆ. ಇಲ್ಲೇ ಹಲವರಿಗೆ ಬೇಜಾರಾಗುವುದು: ವಾಪಸ್ ಬರುವುದು ಎಸ್‌ವಿಯಲ್ಲಿ ಬರೆದಿರುವ ಹಳೇ ಮೊತ್ತ, ಕಟ್ಟಬೇಕಾದ್ದು ಇವತ್ತಿನ ಮೊತ್ತ. ಅಪ್ಪನ ಕಾಲದ ಕನೆಕ್ಷನ್ ಆದರೆ ವ್ಯತ್ಯಾಸ ದೊಡ್ಡದು. ಅದಕ್ಕೇ ಒಂದೇ ಊರೊಳಗೆ ಮನೆ ಬದಲಿಸುವವರು ಸಿಲಿಂಡರ್ ವಾಪಸ್ ಕೊಡಲು ಹೋಗಬೇಡಿ. ಊರೊಳಗಿನ ವರ್ಗಾವಣೆಗೆ ಅದು ಬೇಕಾಗಿಲ್ಲ, ಕಾಗದ ಮಾತ್ರ ಬದಲಾದರೆ ಸಾಕು.

ಪ್ರಶ್ನೆ: ಸಿಲಿಂಡರಿನ ಮೇಲಿನ ಅಕ್ಷರಗಳು ಏನು? ತೂಕದಲ್ಲಿ ಮೋಸ ಇದೆಯಾ ಎಂದು ಹೇಗೆ ತಿಳಿಯುವುದು? (ಗೃಹಿಣಿ, ದಾವಣಗೆರೆ)

ಉತ್ತರ: ಹಿಡಿಕೆಯ ಕೆಳಗಿನ ಪಟ್ಟಿಗಳಲ್ಲಿ ಒಂದರ ಮೇಲೆ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ, ಅದು ‘ಟೇರ್ ವೇಟ್’. ಮನೆ ಸಿಲಿಂಡರಿನೊಳಗೆ 14.2 ಕೆಜಿ ಗ್ಯಾಸ್ ಇರಬೇಕು. ಟೇರ್ 15.3 ಇದ್ದರೆ ತುಂಬಿದ್ದು 29.5 ತೂಗಬೇಕು. ಡೆಲಿವರಿ ಹುಡುಗನ ಹತ್ತಿರ ತೂಕದ ಸಾಧನ ಇರಬೇಕಾದ್ದು ನಿಯಮ. ಸೀಲ್ ಒಡೆಯುವ ಮೊದಲೇ ‘ತೂಗಿ ತೋರಿಸಪ್ಪ’ ಎನ್ನಿ. ಮುಖ ಸಣ್ಣ ಮಾಡಿಕೊಂಡರೂ ಪರವಾಗಿಲ್ಲ.

ಇನ್ನೊಂದು ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಇವುಗಳಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ಎರಡಂಕಿ. ಇದು ಗ್ಯಾಸ್ ಮುಗಿಯುವ ದಿನಾಂಕ ಅಲ್ಲ, ಸಿಲಿಂಡರನ್ನು ಮುಂದೆ ಪರೀಕ್ಷೆಗೆ ಒಯ್ಯಬೇಕಾದ ಹೊತ್ತು. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಕೊನೆಯ ಮೂರು ತಿಂಗಳು. ಆ ಹೊತ್ತು ದಾಟಿದ್ದು ಮನೆಗೆ ಬಂದರೆ ಬೇರೆ ಕೇಳಿ.

‘ಡಿಬಿಸಿ’ ಅಂದರೆ ಡಬಲ್ ಬಾಟಲ್ ಕನೆಕ್ಷನ್, ಎರಡು ಸಿಲಿಂಡರ್ ಇರುವುದು. ‘ಡಿಎಸಿ’ ಅಂದರೆ ಬುಕ್ ಮಾಡಿದಮೇಲೆ ಮೊಬೈಲಿಗೆ ಬರುವ ಸಂಖ್ಯೆ. ಸಿಲಿಂಡರ್ ಬಾಗಿಲಿಗೆ ಬಂದಮೇಲೆ ಹೇಳಿ, ಫೋನಲ್ಲಿ ಮೊದಲೇ ಹೇಳಬೇಡಿ. ರಬ್ಬರ್ ಪೈಪಿನ ಮೇಲೆಯೂ ತಯಾರಾದ ವರ್ಷ ಇರುತ್ತದೆ, ಐದು ವರ್ಷಕ್ಕೆ ಬದಲಾಯಿಸಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಹಾಗಾಗಿ ಕಿಟಕಿ ಸಾಲದು, ಬಾಗಿಲೂ ತೆಗೆಯಬೇಕು. ಬೆಂಗಳೂರಿನಂಥ ಕಡೆ ಪೈಪಲ್ಲಿ ಬರುವ ಪಿಎನ್‌ಜಿ ಹಾಗಲ್ಲ, ಅದು ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ. ಅದರ ಬಿಲ್ಲಲ್ಲಿ ಕಾಣುವ ‘ಎಸ್‌ಸಿಎಂ’ ಅಂದರೆ ಸ್ಟ್ಯಾಂಡರ್ಡ್ ಕ್ಯುಬಿಕ್ ಮೀಟರ್, ಗ್ಯಾಸನ್ನು ಕೆಜಿ ಬದಲು ಘನ ಮೀಟರಲ್ಲಿ ಅಳೆಯುವ ಲೆಕ್ಕ.

ಪ್ರಶ್ನೆ: ನೀರಿನ ಬಿಲ್ಲಲ್ಲಿ ‘ಕೆಎಲ್’, ‘ಸ್ಯಾನಿಟರಿ’ ಅಂತ ಇದೆ. ಪ್ಲಂಬರ್ ‘ಎನ್‌ಆರ್‌ವಿ ಹಾಕಿಸಿ’ ಅನ್ನುತ್ತಾನೆ. (ಓದುಗರು, ಬೆಂಗಳೂರು)

ಉತ್ತರ: ಕೆಎಲ್ ಅಂದರೆ ಕಿಲೋಲೀಟರ್, 1000 ಲೀಟರ್. ಬಳಕೆ ಏರಿದಂತೆ ಒಂದು ಕಿಲೋಲೀಟರಿನ ದರವೂ ಏರುತ್ತದೆ. ಸ್ಯಾನಿಟರಿ ಎಂಬುದು ಒಳಚರಂಡಿಯ ಖರ್ಚು, ಬಂದ ನೀರಿಗೆ ಒಂದು ದುಡ್ಡು, ಹೋದ ನೀರಿಗೆ ಇನ್ನೊಂದು. ಎನ್‌ಆರ್‌ವಿ ಅಂದರೆ ನಾನ್ ರಿಟರ್ನ್ ವಾಲ್ವ್. ನೀರು ಒಂದೇ ಕಡೆ ಹೋಗಬೇಕು, ಹಿಂದಕ್ಕೆ ಬರಬಾರದು. ಸಂಪಿನ ಮೋಟಾರ್ ನಿಂತಾಗ ಪೈಪಿನ ನೀರು ವಾಪಸ್ ಇಳಿಯುತ್ತಿದ್ದರೆ ಹಾಕಿಸಿ, ದುಡ್ಡು ದಂಡವಲ್ಲ. ಬಿಲ್ ಜಾಸ್ತಿ ಬಂದ ಹಾಗೆ ಅನಿಸಿದರೆ ಸಂಪು ತುಂಬಿಸಿ, ಅದರ ಬಾಲ್ ವಾಲ್ವ್ ಪೂರ್ತಿ ಮುಚ್ಚಿದ ಮೇಲೆ ಮೀಟರ್ ನೋಡಿ. ಆಗಲೂ ತಿರುಗುತ್ತಿದ್ದರೆ ಮೀಟರಿಗೂ ಸಂಪಿಗೂ ನಡುವೆ ಸೋರುತ್ತಿದೆ.

ಪ್ರಶ್ನೆ: 200 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೇನೆ. ಸಿನಿಮಾ ಡೌನ್‌ಲೋಡ್ ಮಾಡಿದರೆ ಸೆಕೆಂಡಿಗೆ 24 ಎಂಬಿ ತೋರಿಸುತ್ತದೆ. ಮೋಸ ಅಲ್ವಾ? (ಓದುಗರು, ಮಂಗಳೂರು)

ಉತ್ತರ: ಅಲ್ಲ, ಸರಿಯಾಗೇ ಇದೆ. ಪ್ಲಾನಿನವರು ಹೇಳುವುದು ಮೆಗಾಬಿಟ್, ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. 8 ಬಿಟ್‌ಗೆ 1 ಬೈಟ್. 200ನ್ನು 8ರಿಂದ ಭಾಗಿಸಿದರೆ 25, ನಿಮಗೆ 24 ಬರುತ್ತಿದೆ ಅಂದರೆ ಒಳ್ಳೆಯದೇ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಸಂಖ್ಯೆಯನ್ನೇ ಹಾಕುತ್ತಾರೆ, ಅದು ಬೇರೆ ಮಾತು.

ನೀವು ನೋಡಬೇಕಾದ್ದು ‘ಎಫ್‌ಯುಪಿ’. ಫೇರ್ ಯೂಸೇಜ್ ಪಾಲಿಸಿ. ಅನ್‌ಲಿಮಿಟೆಡ್ ಎಂದು ಬರೆದ ಪ್ಲಾನಿನಲ್ಲೂ ಇಷ್ಟು ಜಿಬಿ ದಾಟಿದಮೇಲೆ ವೇಗ ಇಳಿಸುತ್ತೇವೆ ಎಂಬ ಸಾಲು ಚಿಕ್ಕ ಅಕ್ಷರದಲ್ಲಿರುತ್ತದೆ. ಕೋಣೆಯೊಳಗೆ ಮಾತ್ರ ನಿಧಾನ ಅಂದರೆ ವೈಫೈ ಹೆಸರು ನೋಡಿ: 5 ಗಿಗಾಹರ್ಟ್ಸ್‌ನದ್ದು ವೇಗ ಜಾಸ್ತಿ ಆದರೆ ಗೋಡೆ ದಾಟುವುದು ಕಷ್ಟ, 2.4ರದ್ದು ನಿಧಾನ ಆದರೆ ದೂರ ಹೋಗುತ್ತದೆ. ಫೈಬರ್ ಡಬ್ಬಿಯ ಮೇಲೆ ‘ಎಲ್‌ಒಎಸ್’ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ, ಲಾಸ್ ಆಫ್ ಸಿಗ್ನಲ್, ಕೇಬಲ್ಲಿನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ಹತ್ತು ಸಲ ರೀಸ್ಟಾರ್ಟ್ ಮಾಡಿ ಫಲವಿಲ್ಲ. ಹಿಂದಿನ ತೆಳು ಕೇಬಲ್ ಮಡಚಿಕೊಂಡಿದೆಯಾ ನೋಡಿ, ಇಲ್ಲವಾದರೆ ‘ಎಲ್‌ಒಎಸ್ ಕೆಂಪು ಇದೆ’ ಎಂದೇ ಹೇಳಿ ದೂರು ಕೊಡಿ. ‘ನೆಟ್ ಇಲ್ಲ’ ಎಂದರೆ ಅವರು ಮತ್ತೆ ರೀಸ್ಟಾರ್ಟ್ ಮಾಡಿ ಎಂದೇ ಶುರು ಮಾಡುತ್ತಾರೆ.